ಅವಾಂತರವೆಲ್ಲ ನನ್ನದು

ಯಾವ ಸ್ಮರಣ ಸಂಚಿಕೆ ಕೈಗೆ ಬಂದರೂ ನಾನು ಅದನ್ನು ಕೊನೆಯ ಪುಟದಿಂದ ಓದಲು ಶುರು ಮಾಡುತ್ತೇನೆ. ಉರ್ದು ಕಲಿತದ್ದರಿಂದ ಬಂದ ಅಭ್ಯಾಸವಲ್ಲ ಇದು. ಕೊನೆಯ ಪುಟದಲ್ಲಿ ಕೃತಜ್ಞತೆಗಳಿರುತ್ತವೆ, ಅದಕ್ಕೆ. ಅಧ್ಯಕ್ಷರಿಂದ ಹಿಡಿದು ಮೈಕಿನವರವರೆಗೆ ಎಲ್ಲರ ಹೆಸರೂ ಅಲ್ಲಿರುತ್ತದೆ. ನಾನು ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ ಹೋಗುತ್ತೇನೆ. ನನ್ನ ಹೆಸರು ಸಿಗುವುದಿಲ್ಲ. ಕಡೆಗೆ ಆ ಸಾಲು ಬರುತ್ತದೆ: 'ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ.' ಅಲ್ಲಿ ಬೆರಳು ನಿಲ್ಲುತ್ತದೆ. ಆ 'ಪರೋಕ್ಷವಾಗಿ' ಇದೆಯಲ್ಲ, ಅದು ನಾನು.

ಆ ಒಂದು ಶಬ್ದದೊಳಗೆ ನಾನು ಬಹಳ ವರ್ಷ ಬಾಡಿಗೆಗಿದ್ದೆ. ಗಾಳಿ ಬೆಳಕು ಅಷ್ಟಕ್ಕಷ್ಟೆ, ಆದರೆ ಯಾರೂ ಬಂದು ಬಾಗಿಲು ಬಡಿಯುವುದಿಲ್ಲ. ಮಾಡಿದ ಕೆಲಸ ಚೆನ್ನಾಗಿ ಆದರೆ 'ಅದರ ಹಿಂದೆ ಇದ್ದವನು ನಾನು' ಎಂದು ಮನೆಯಲ್ಲಿ ಹೇಳಿಕೊಳ್ಳಬಹುದು. ಕೆಟ್ಟರೆ 'ನನಗೂ ಅದಕ್ಕೂ ಏನು ಸಂಬಂಧ' ಎನ್ನಬಹುದು. ಈ ಎರಡನೆಯ ಸೌಕರ್ಯ ಆ ಮನೆಗಿದೆ ಎನ್ನುವುದು ನನಗೆ ಬಹಳ ದಿನ ಹೊಳೆದಿರಲಿಲ್ಲ. ನಾನು ವಿನಯವಂತ, ಅದಕ್ಕೇ ಹಿಂದೆ ಇದ್ದೇನೆ ಎಂದುಕೊಂಡಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಖಾನಾಪುರದ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರ. ಮನೆ ಬೆಳಗಾವಿಯ ಶಹಾಪುರದಲ್ಲಿ. ಬೆಳಿಗ್ಗೆ ರೈಲಿಗೆ ಹೋಗುವುದು, ಸಂಜೆ ರೈಲಿಗೆ ಬರುವುದು. ಶಾಲೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ವಾಚನಾಲಯವಿತ್ತು. ಒಂದು ಗೋಡೆಗೆ ಕನ್ನಡ ಪತ್ರಿಕೆಗಳು, ಎದುರಿನ ಗೋಡೆಗೆ ಮರಾಠಿ ಪತ್ರಿಕೆಗಳು, ನಡುವೆ ಒಂದು ಉದ್ದನೆಯ ಮೇಜು. ಓದುಗರು ಮೇಜಿನ ಎರಡೂ ಕಡೆ ಕೂತು, ತಮ್ಮ ಪತ್ರಿಕೆ ಮುಗಿದ ಮೇಲೆ ಎದುರಿನವರ ಪತ್ರಿಕೆಯನ್ನು ತಲೆಕೆಳಗಾಗಿಯೇ ಓದುತ್ತಿದ್ದರು. ಗೋಡೆಯ ಮೇಲೊಂದು ಗಡಿಯಾರ. ಅದನ್ನು ಕೊಟ್ಟ ದಾನಿಗಳು ತಮ್ಮ ಹೆಸರನ್ನು ಕೆಂಪು ಅಕ್ಷರದಲ್ಲಿ ಎಷ್ಟು ದೊಡ್ಡದಾಗಿ ಬರೆಸಿದ್ದರೆಂದರೆ, ಗಡಿಯಾರ ನಿಂತುಹೋಗಿ ವರ್ಷಗಳೇ ಕಳೆದರೂ ಯಾರಿಗೂ ಗೊತ್ತಾಗಿರಲಿಲ್ಲ. ಜನ ಟೈಮು ನೋಡಲು ತಲೆ ಎತ್ತಿ, ಹೆಸರು ಓದಿ, ತಲೆ ಇಳಿಸುತ್ತಿದ್ದರು.

ಸಂಜೆಯ ರೈಲು ತಡವಾಗಿ ಬರುವ ರೈಲು. ನಾನು ವಾಚನಾಲಯದಲ್ಲಿ ಕಾಯುತ್ತಿದ್ದೆ. ಸುಮ್ಮನೆ ಕೂತವನ ಕೈಗೆ ಕೆಲಸಗಳು ತಾವಾಗಿ ಬಂದು ಅಂಟಿಕೊಳ್ಳುತ್ತವೆ. ಮೊದಲು ಪುಸ್ತಕಗಳಿಗೆ ನಂಬರಿನ ಚೀಟಿ ಅಂಟಿಸಿಕೊಟ್ಟೆ. ಆಮೇಲೆ ಆಮಂತ್ರಣ ಪತ್ರಿಕೆ ಬರೆದುಕೊಟ್ಟೆ. ಆಮೇಲೆ ಕಾರ್ಯದರ್ಶಿಗಳ ಕಾಗದ ಪತ್ರ, ಕಾರ್ಯದರ್ಶಿಗಳ ವಾರ್ಷಿಕ ವರದಿ, ಅಧ್ಯಕ್ಷರ ಭಾಷಣ. ಒಂದು ವರ್ಷವಂತೂ ವರದಿಯನ್ನು ನಾನೇ ಬರೆದು, ಆ ವರದಿಯನ್ನು ಹೊಗಳುವ ಭಾಷಣವನ್ನೂ ನಾನೇ ಬರೆದೆ. ಅಧ್ಯಕ್ಷರು 'ಇಂಥ ಸುಂದರ ವರದಿಯನ್ನು ನಾನು ಈ ಮೊದಲು ಕೇಳಿರಲಿಲ್ಲ' ಎಂದು ಓದಿದಾಗ ಸಭೆ ಚಪ್ಪಾಳೆ ತಟ್ಟಿತು. ಪರದೆಯ ಹಿಂದೆ ನಿಂತು ನಾನು ನಾಚಿಕೊಂಡೆ. ಹೊಗಳಿದವನೂ ನಾನೇ, ಹೊಗಳಿಸಿಕೊಂಡವನೂ ನಾನೇ ಆದ್ದರಿಂದ ನಾಚಿಕೆ ತುಸು ಹೆಚ್ಚೇ ಆಗಿತ್ತು.

ಕಾರ್ಯದರ್ಶಿಗಳ ಹೆಸರು ಗಣಪತರಾವ. ಪೇಟೆಯಲ್ಲಿ ಬಟ್ಟೆಯ ಅಂಗಡಿ ಇಟ್ಟವರು. ಮನೆಮಾತು ಮರಾಠಿ, ಕನ್ನಡವನ್ನು ಗಿರಾಕಿಗಳಿಂದ ಕಲಿತದ್ದು. ಹಾಗಾಗಿ ಅವರ ಕನ್ನಡದಲ್ಲಿ ವ್ಯಾಕರಣ ಕಡಿಮೆ, ಮರ್ಯಾದೆ ಹೆಚ್ಚು. ಅವರ ಹೆಸರಿನಲ್ಲಿ ಹೋಗುವ ಪ್ರತಿಯೊಂದು ಕಾಗದವನ್ನೂ ನಾನು ಬರೆಯುತ್ತಿದ್ದೆ. ಅವರು ಓದಿ, 'ನಾ ಇಷ್ಟ ಶಾಣ್ಯಾ ಇದ್ದೀನಂತ ನನಗ ಗೊತ್ತ ಇರಲಿಲ್ಲ ನೋಡ್ರಿ ಸರ್' ಎಂದು ನಕ್ಕು ಸಹಿ ಹಾಕುತ್ತಿದ್ದರು.

ಈಗ ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ನನಗೆ ಆ ಸಹಿಯ ಮೇಲೆ ಕಣ್ಣಿತ್ತು.

ಪ್ರತಿ ವರ್ಷ ವಾಚನಾಲಯದ ಸಭೆಯಲ್ಲಿ ಹೊಸ ಪದಾಧಿಕಾರಿಗಳ ಆಯ್ಕೆ ನಡೆಯುತ್ತಿತ್ತು. ಪ್ರತಿ ವರ್ಷ ಗಣಪತರಾಯರು ತಪ್ಪದೆ ನನ್ನ ಕಡೆ ತಿರುಗಿ, 'ಹೊಸೂರ ಸರ್, ಈ ಸಲ ನೀವ ಕಾರ್ಯದರ್ಶಿ ಆಗ್ರಿ. ಕೆಲಸ ಎಲ್ಲಾ ನೀವ ಮಾಡ್ತೀರಿ, ಹೆಸರು ನಂದ್ಯಾಕ?' ಎನ್ನುತ್ತಿದ್ದರು. ನಾನು ಎರಡೂ ಕೈ ಅಡ್ಡ ಆಡಿಸಿ, 'ಛೆ, ಬ್ಯಾಡ್ರಿ. ನಾ ಹಿಂದ ಇದ್ದು ಮಾಡ್ಕೋತ ಹೋಗ್ತೀನಿ' ಎನ್ನುತ್ತಿದ್ದೆ.

ಇಲ್ಲಿ ನಮ್ಮ ಕಡೆಯ ಊಟದ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು 'ಸಾಕು, ಸಾಕ್ರಿ' ಅನ್ನಬೇಕು. ಅಂದರೆ ಬೇಕು ಅಂತ ಅರ್ಥ. ಬಡಿಸುವವರು 'ಅದೆಂಗ ಸಾಕು, ಒಂದರೆ ತಿನ್ರಿ' ಎಂದು ಅಲ್ಲೇ ನಿಲ್ಲಬೇಕು. ಇನ್ನೊಮ್ಮೆ ಸಾಕು, ಇನ್ನೊಮ್ಮೆ ಅದೆಂಗ. ಅಷ್ಟರಲ್ಲಿ ಅಡ್ಡ ಹಿಡಿದ ಬೆರಳುಗಳ ಸಂದಿಯಿಂದ ಹೋಳಿಗೆ ಎಲೆಗೆ ಬಿದ್ದಿರುತ್ತದೆ, ಬೇಡ ಎಂದವನ ಮಾನವೂ ಉಳಿದಿರುತ್ತದೆ. ಹೀಗೆ ಒತ್ತಾಯಿಸುವುದಕ್ಕೆ ಮರಾಠಿಯಲ್ಲಿ ಆಗ್ರಹ ಎನ್ನುತ್ತಾರೆ. ಕನ್ನಡ ಪತ್ರಿಕೆಯಲ್ಲಿ ಆಗ್ರಹ ಎಂದರೆ ನಲ್ಲಿ ನೀರಿಗೆ ಆಗ್ರಹ, ರಸ್ತೆ ದುರಸ್ತಿಗೆ ಆಗ್ರಹ. ಮುಷ್ಟಿ ಬಿಗಿದು ಕೇಳುವುದು. ಒಂದೇ ಶಬ್ದ ನಮ್ಮ ವಾಚನಾಲಯದ ಮೇಜಿನ ಈ ಕಡೆ ಬೇಡುತ್ತಿತ್ತು, ಆ ಕಡೆ ಬಡಿಸುತ್ತಿತ್ತು.

ನಾನು ಕನ್ನಡದವನು, ಆದರೆ ಕಾರ್ಯದರ್ಶಿ ಪದವಿಯ ವಿಷಯದಲ್ಲಿ ಮರಾಠಿ ಆಗ್ರಹವನ್ನು ನಿರೀಕ್ಷಿಸಿದ್ದೆ. ಗಣಪತರಾಯರು ಮರಾಠಿಯವರು, ಆದರೆ ಅಂಗಡಿಯ ಮನುಷ್ಯ. ಗಿರಾಕಿ ಬೇಡ ಎಂದರೆ ಬಟ್ಟೆಯ ಥಾನು ಸುತ್ತಿ ಒಳಗಿಡುವುದು ಅವರಿಗೆ ರೂಢಿ. 'ಸರ್ ಬ್ಯಾಡ ಅಂತಾರ, ಅವರ ಮಾತಿಗೆ ಮಾನ ಕೊಡೂಣು' ಎಂದು ಹೇಳಿ ಅವರು ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. ಹೋಳಿಗೆಯ ಬುಟ್ಟಿ ಪಕ್ಕದ ಎಲೆಗೆ ಹೋಗುತ್ತಿತ್ತು. ನಾನು ಅಡ್ಡ ಹಿಡಿದ ಕೈಯನ್ನು ಹಿಡಿದಂತೆಯೇ ಇಟ್ಟುಕೊಂಡು ಸ್ಟೇಷನ್ನಿಗೆ ನಡೆಯುತ್ತಿದ್ದೆ.

ಮನೆಯಲ್ಲಿ ನನ್ನ ಹೆಂಡತಿಗೆ ಇದನ್ನೆಲ್ಲ ಹೇಳುತ್ತಿದ್ದೆ, ನನ್ನ ತ್ಯಾಗವೆನ್ನುವ ಧಾಟಿಯಲ್ಲಿ. ಒಂದು ಸಲ ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು:

'ಬೇಕಾಗಿತ್ತೇನು ನಿಮಗ?'

'ಬೇಕು ಅಂತೇನಿಲ್ಲ. ಅವರು ಇನ್ನೊಮ್ಮೆ ಕೇಳಬೇಕಾಗಿತ್ತು.'

'ಚಾ ಬೇಕಾದಾಗ ನನಗ ಹಿಂಗ ವಿನಯ ತೋರಸೂದಿಲ್ಲಲ್ಲ ನೀವು. ಅಡಗಿಮನಿಗೇ ಕೇಳೂ ಹಂಗ ಒದರತೀರಿ.'

ಮಾರನೆಯ ದಿನ ರೈಲಿನಲ್ಲಿ, ದೇಸೂರು ದಾಟುವ ಹೊತ್ತಿಗೆ, ಸಮಾಧಾನದ ಉತ್ತರಗಳು ಹೊಳೆಯುತ್ತಿದ್ದವು. ನಮ್ಮ ತಾಲ್ಲೂಕಿನ ಹಳೆಯ ಗುಡಿಗಳನ್ನು ಕಟ್ಟಿದವರು ಹೆಸರು ಕೆತ್ತಿದ್ದಾರೆಯೇ? ಇಲ್ಲ. ಆಮೇಲೆ ಬಂದು ಕಲ್ಲಿನ ಮೇಲೆ ಮೊಳೆಯಿಂದ ಗೀಚಿದವರು ಮಾತ್ರ ಊರಿನ ಸಮೇತ ಹೆಸರು ಹಾಕಿದ್ದಾರೆ. ವಚನ ಬರೆದವರು ತಮ್ಮ ಹೆಸರು ಹಾಕಿಕೊಂಡರೇ? ದೇವರ ಹೆಸರು ಹಾಕಿ ಸುಮ್ಮನಾದರು. ಇಷ್ಟರವರೆಗೆ ವಿಚಾರ ಸುಖವಾಗಿ ಸಾಗುತ್ತಿತ್ತು. ಆದರೆ ಕನ್ನಡ ಮಾಸ್ತರನಿಗೆ ಮುಂದಿನ ಮಾತೂ ಗೊತ್ತಿರುತ್ತದಲ್ಲ: ಆ ಅಂಕಿತ ಕಂಡ ಕೂಡಲೇ ಮಕ್ಕಳು ಬರೆದವರ ಹೆಸರನ್ನು ಹೇಳುತ್ತಾರೆ, ಹೇಳದಿದ್ದರೆ ನಾನೇ ಅಂಕ ಕಳೆಯುತ್ತೇನೆ. ಹೆಸರು ಮುಚ್ಚಿಟ್ಟವರ ಹೆಸರೇ ಹೆಚ್ಚು ಉಳಿಯಿತು. ನನಗೂ ಹಾಗೇ ಆದೀತೆಂದು ಒಳಗೊಳಗೇ ಆಸೆಯಿತ್ತೆಂದು ಕಾಣುತ್ತದೆ. ಆದರೆ ಅವರು ವಚನ ಬರೆದಿದ್ದರು, ನಾನು ಆಮಂತ್ರಣ ಪತ್ರಿಕೆ ಬರೆದಿದ್ದೆ. ಈ ಫರಕನ್ನು ಖಾನಾಪುರ ಬರುವವರೆಗೂ ನಾನು ಎಣಿಕೆಗೆ ತೆಗೆದುಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಆ ವರ್ಷದ ವಾರ್ಷಿಕೋತ್ಸವ ಬಂತು. ಮುಖ್ಯ ಅತಿಥಿಯಾಗಿ ನಿವೃತ್ತ ಪ್ರಾಚಾರ್ಯರೊಬ್ಬರನ್ನು ಗೊತ್ತು ಮಾಡಿದ್ದೆವು. ಮಾಡಿದ್ದೆವು ಅಂದರೆ ಮಾಡಿದ್ದೆ. ಅವರ ಮುಖ ನಾನು ನೋಡಿರಲಿಲ್ಲ, ಎಲ್ಲವೂ ಗಣಪತರಾಯರ ಸಹಿಯ ಕಾಗದದಲ್ಲೇ ನಡೆದಿತ್ತು. ಭಾಷಣದ ವಿಷಯ 'ಕಾಯಕ ಮತ್ತು ನಿರಹಂಕಾರ'. ವಿಷಯ ಸೂಚಿಸಿದವನೂ ನಾನೇ, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಸೂಚಿಸಿದೆ ಎಂದು ಬೇರೆ ಹೇಳಬೇಕಿಲ್ಲ.

ಪ್ರಾಚಾರ್ಯರು ನಿವೃತ್ತರಾದ ಮೇಲೆ ಹಿಂಡಲಗಾದಲ್ಲಿ ಮನೆ ಕಟ್ಟಿಕೊಂಡಿದ್ದರು. ಅನೇಕ ಒಳ್ಳೆಯ ಜನ ಅಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ಹಿಂಡಲಗಾ ಅಂದರೆ ಮೊದಲು ನೆನಪಾಗುವುದು ಜೈಲು. 'ಅವ ಈಗ ಹಿಂಡಲಗಾದಾಗ ಅದಾನ' ಎಂದು ಯಾರಾದರೂ ಹೇಳಿದರೆ 'ಯಾವ ಓಣಿ?' ಎಂದು ಯಾರೂ ಕೇಳುವುದಿಲ್ಲ, 'ಎಷ್ಟು ವರ್ಷ?' ಎಂದು ಕೇಳುತ್ತಾರೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಖಾನಾಪುರದ ಟ್ಯಾಕ್ಸಿಯ ದಸ್ತಗೀರಸಾಬರಿಗೆ, ರೈಲಿನ ಬಾಗಿಲಲ್ಲಿ ನಿಂತು ಹೇಳಿದ್ದಿಷ್ಟೆ: 'ನಾಳೆ ಮಧ್ಯಾಹ್ನ ಹಿಂಡಲಗಾಕ್ಕ ಹೋಗಿ ನಮ್ಮ ಸಾಹೇಬರನ್ನ ಕರಕೊಂಡು ಬರ್ರಿ. ದಾರಿ ಕಾಯ್ತಿರತಾರ.' ಮನೆಯ ಗುರುತು ಹೇಳಬೇಕು ಅನ್ನುವಷ್ಟರಲ್ಲಿ ರೈಲು ಹೊರಟಿತು. ದಸ್ತಗೀರಸಾಬರು ಎಲ್ಲ ತಿಳಿದವರಂತೆ ಕೈ ಎತ್ತಿದರು. ನಾನೂ ಎತ್ತಿದೆ.

ಗಣಪತರಾಯರು ಮಾರನೆಯ ದಿನ ಬೆಳಿಗ್ಗೆ ಕೇಳಿದ್ದರು, 'ಗಾಡೀದು ವ್ಯವಸ್ಥಾ ಏನ್ರಿ ಸರ್?' ಆಗಲಾದರೂ ಹೇಳಬಹುದಾಗಿತ್ತು. ಆದರೆ ತೆರೆಮರೆಯ ಮನುಷ್ಯನಿಗೆ ಒಂದು ನಗು ಇರುತ್ತದೆ. ತುಟಿ ಪೂರ್ತಿ ಅರಳುವುದಿಲ್ಲ, ಕಣ್ಣು ಅರ್ಧ ಮುಚ್ಚಿರುತ್ತದೆ. ಅದನ್ನು ನಕ್ಕು, 'ಆಗೇತಿ. ನೀವು ಚಿಂತಿ ಬಿಡ್ರಿ' ಅಂದೆ. ವಿವರ ಹೇಳಿದರೆ ಜಂಬವಾದೀತು ಎಂಬುದು ನನ್ನ ಜಂಬ.

ಮಧ್ಯಾಹ್ನ ನಾನು ಸಭಾಗೃಹದಲ್ಲಿ ಶಾಲೆಯ ಬೆಂಚುಗಳನ್ನು ಸಾಲಾಗಿ ಇಡಿಸುತ್ತಿದ್ದೆ. ಬೆಂಚು ಹಿಡಿಯುವವರು ಚಹಾಕ್ಕೆ ಹೋಗಿ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಕಡೆಯಿಂದ ಧೋತರ ಉಟ್ಟ ಹಿರಿಯರೊಬ್ಬರು ಬಂದರು. ಕೈಯಲ್ಲಿ ಕೊಡೆ, ಮೈತುಂಬ ಧೂಳು, ಮುಖದಲ್ಲಿ ಬೇಸರ. ನಮ್ಮ ಶಾಲೆಯ ಯಾರೋ ಹುಡುಗನ ಅಜ್ಜ ಸಭೆಗೆ ಬೇಗ ಬಂದಿದ್ದಾರೆ ಎಂದುಕೊಂಡೆ.

'ಯಜಮಾನ್ರ, ಈ ಬೆಂಚ ಆ ತುದಿ ಸ್ವಲ್ಪ ಹಿಡೀರಿ' ಅಂದೆ.

'ನಾನು ಅಂದ್ರ...'

'ಮಾತು ಆಮ್ಯಾಲ ಆಡೂಣು. ಮೊದಲ ಬೆಂಚ.'

ಅವರು ಕೊಡೆಯನ್ನು ಗೋಡೆಗೆ ಒರಗಿಸಿ ಹಿಡಿದರು. ಆ ಬೆಂಚು ಆಯಿತು, ಇನ್ನೊಂದು ಆಯಿತು. ನಾನು ಉತ್ಸಾಹದಲ್ಲಿದ್ದೆ. 'ಸ್ವಲ್ಪ ಮ್ಯಾಲೆತ್ರಿ, ನೆಲ ಗೀರತೈತಿ' ಎಂದು ಹೇಳಿದ್ದೂ ನೆನಪಿದೆ. ಮುಂದಿನ ಸಾಲಿಗೆ ಬಂದಾಗ ಗಣಪತರಾಯರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಕೈಯಲ್ಲಿ ಹಾರ ಹಿಡಿದುಕೊಂಡು ಗಾಬರಿಯಿಂದ ಒಳಗೆ ಬಂದರು. 'ಸರ್, ಅತಿಥಿಗಳು ಇನ್ನೂ ಬಂದಿಲ್ಲಲ್ರಿ?'

ಬೆಂಚಿನ ಆ ತುದಿಯಿಂದ ಉತ್ತರ ಬಂತು. 'ನಾನ ಅತಿಥಿ.'

ನನ್ನ ಕೈಯಿಂದ ಬೆಂಚು ಜಾರಿತು. ಅವರ ಕೈಯಲ್ಲಿ ಇನ್ನೂ ಇತ್ತು.

ಇಂಥ ಪ್ರಸಂಗಗಳನ್ನು ಮಹಾಪುರುಷರ ಬಗ್ಗೆ ಹೇಳುತ್ತಾರೆ. ನಾನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ಕಥೆಗಳಲ್ಲಿ ದೊಡ್ಡವರು ಮುಗುಳ್ನಕ್ಕು 'ಕೆಲಸದಲ್ಲಿ ಚಿಕ್ಕದು ದೊಡ್ಡದು ಎಂಬುದಿಲ್ಲ' ಎನ್ನುತ್ತಾರೆ. ನಮ್ಮ ಪ್ರಾಚಾರ್ಯರು ನಗಲಿಲ್ಲ. ಪಕ್ಕದ ಕೋಣೆಯಲ್ಲಿ ವಾಚನಾಲಯದ ಮಂಡಳಿಯವರೆಲ್ಲ ಕೈಕಟ್ಟಿ ನಿಂತಾಗ ಸಿಟ್ಟನ್ನು ಒಮ್ಮೆಗೇ ಹೊರಗೆ ಹಾಕಿದರು.

'ಮನಿ ಬಾಗಲದಾಗ ನಿಂತು ನಿಂತು ಕಾಲು ನೊಂದು ಬಸ್ಸಿಗೆ ಬಂದೆ. ಬಂದ್ರ ಬೆಂಚ ಹೊರಸಿದ್ರಿ. ಈ ಸಂಸ್ಥಾದಾಗ ಜವಾಬ್ದಾರಿ ಅನ್ನೂದು ಯಾರದು?'

ಉತ್ತರ ನನಗೆ ಗೊತ್ತಿತ್ತು. ನನ್ನ ನಾಲಿಗೆಗೂ ಗೊತ್ತಿತ್ತು. ಅದೇ ಹೊತ್ತಿಗೆ ಮೈಕು ಸರಿಯಿದೆಯೋ ಇಲ್ಲವೋ ನೋಡಬೇಕೆಂಬ ಕರ್ತವ್ಯಪ್ರಜ್ಞೆ ನನ್ನಲ್ಲಿ ಬಲವಾಗಿ ಜಾಗೃತವಾಯಿತು. ನಾನು ಪರದೆಯ ಹಿಂದೆ ನಡೆದೆ. ಬೆನ್ನ ಹಿಂದೆ ಗಣಪತರಾಯರ ದನಿ ಕೇಳಿಸಿತು. 'ನಂದ ರೀ. ಕಾರ್ಯದರ್ಶಿ ನಾನು.'

ಸಭೆ ಶುರುವಾಯಿತು. ಜನ ತುಂಬಿದ್ದರು. ವಾಚನಾಲಯದ ಅಭ್ಯಾಸದಂತೆ ಕನ್ನಡದವರು ಒಂದು ಕಡೆ, ಮರಾಠಿಯವರು ಒಂದು ಕಡೆ. ಪ್ರಾಚಾರ್ಯರು ಕಾಯಕಕ್ಕೆ ಬರುವ ಮೊದಲು ಕಾರ್ಯದರ್ಶಿಗಳಿಗೆ ಬಂದರು. ಹೆಸರಿಗಷ್ಟೇ ಪದವಿ ಹಿಡಿಯುವವರು, ಕುರ್ಚಿ ಬೇಕು ಹೊಣೆ ಬೇಡ ಎನ್ನುವವರು, ಇಂಥವರಿಂದ ಸಂಸ್ಥೆಗಳು ಹಾಳಾಗುತ್ತವೆ ಎಂದು ನಿಧಾನವಾಗಿ, ಸ್ವಚ್ಛವಾದ ಕನ್ನಡದಲ್ಲಿ ಹೇಳಿದರು. ಗಣಪತರಾಯರು ವೇದಿಕೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಮತ್ತು ಸೊಸೆ. ಸೊಸೆ ಹೊಸಬಳು, ನಿಪ್ಪಾಣಿ ಕಡೆಯವಳು, ಮಾವ ವೇದಿಕೆಯ ಮೇಲೆ ಕೂತದ್ದನ್ನು ನೋಡಲೆಂದು ಜರಿ ಸೀರೆ ಉಟ್ಟು ಬಂದಿದ್ದಳು. ಅವಳಿಗೆ ಕನ್ನಡ ಎಷ್ಟು ತಿಳಿಯುತ್ತಿತ್ತೋ ಗೊತ್ತಿಲ್ಲ, ಆದರೆ ಅತ್ತೆಯ ಮುಖ ನೋಡಿ ಅವಳೂ ತಲೆ ತಗ್ಗಿಸಿದಳು. ಪರದೆಯ ಸಂದಿಯಿಂದ ನಾನು ಎಲ್ಲವನ್ನೂ ನೋಡಿದೆ. ನನಗೆ ನಿಜವಾಗಿ ನಾಚಿಕೆಯಾಯಿತು. ವರದಿಯನ್ನು ಹೊಗಳಿದಾಗ ಆದಂಥ ನಾಚಿಕೆಯಲ್ಲ. ಪರದೆಯ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಷ್ಟು ವರ್ಷ ನಾನು ಕಣ್ಣು ಹಾಕಿದ್ದ ಕುರ್ಚಿ ಇದೇ. ಅದರ ಮೇಲೆ ಕೂತವರು ಇದನ್ನೂ ತಿನ್ನಬೇಕಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಆದರೂ ಹೊರಗೆ ಬರಲಿಲ್ಲ. ಹಗ್ಗ ಬಿಟ್ಟರೆ ಪರದೆ ಬೀಳುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಅದನ್ನು ಮೊಳೆಗೆ ಕಟ್ಟಬಹುದಾಗಿತ್ತು.

ಕೊನೆಗೆ ವಂದನಾರ್ಪಣೆ. ಅದು ಕಾರ್ಯದರ್ಶಿಗಳ ಕೆಲಸ, ಬರೆದುಕೊಡುವುದು ನನ್ನ ಕೆಲಸ. ಗಣಪತರಾಯರು ನಾನು ಬರೆದ ಹಾಳೆಯನ್ನು ಒಮ್ಮೆ ನೋಡಿದರು. ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಎಂಬ ಸಾಲು ಅದರಲ್ಲೂ ಇತ್ತು. ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟರು. ಬರೆಯದ ಮಾತನ್ನು ಅವರು ಮೈಕಿನ ಮುಂದೆ ಆಡಿದ್ದು ಅದೇ ಮೊದಲು.

'ನನಗ ಅತಿಥಿಗಳು ಬೈದ್ರು. ಇರಲಿ, ಹಿರಿಯರು. ಆದ್ರ ಬೈಗಳಾ ನನಗ ಬಂತು ಅಂತ ಕೆಲಸ ಮಾಡಿದ ಮನಷ್ಯಾಂದು ಹೆಸರು ಮುಚ್ಚಬಾರದು. ಮುಖ್ಯ ಕೆಲಸ ಎಲ್ಲಾರಿಗೂ ಕಾಣತೈತ್ರಿ. ಅವಾಂತರ ಕಾಣೂದಿಲ್ಲ. ಖರೇ ಹೇಳ್ತೀನಿ, ನಮ್ಮ ಸಂಸ್ಥಾದಾಗ ಅವಾಂತರ ಎಲ್ಲಾ ಹೊಸೂರ ಸರ್ ಒಬ್ಬರ ಮಾಡ್ತಾರ.'

ಮರಾಠಿಯಲ್ಲಿ ಅವಾಂತರ ಎಂದರೆ ಮುಖ್ಯವಾದದ್ದನ್ನು ಬಿಟ್ಟು ಉಳಿದ ಸಣ್ಣಪುಟ್ಟ ಸಂಗತಿಗಳು. ಪಠ್ಯ ಬಿಟ್ಟು ಬೇರೆ ಓದಿದರೆ ಅದು ಅವಾಂತರ ವಾಚನ. ಸಂಸ್ಕೃತದಲ್ಲಿ ಅದು ನಡುವೆ ಇರುವುದು, ಒಳಗೆ ಬರುವುದು ಎಂಬ ಸಾಧು ಶಬ್ದ. ಕನ್ನಡಕ್ಕೆ ಬರುವ ದಾರಿಯಲ್ಲಿ ಅದಕ್ಕೆ ಏನಾಯಿತೋ, ಇಲ್ಲಿ ಏನರ್ಥ ಎಂದು ನಿಮಗೆ ಗೊತ್ತೇ ಇದೆ. ಸಭೆಯ ಒಂದು ಕಡೆಯವರು ಚಪ್ಪಾಳೆ ತಟ್ಟಿದರು. ಇನ್ನೊಂದು ಕಡೆಯವರು ನಕ್ಕರು. ಎರಡೂ ತಮ್ಮ ಮಾತಿಗೆ ಸಿಕ್ಕ ಮೆಚ್ಚುಗೆಯೆಂದು ತಿಳಿದ ಗಣಪತರಾಯರಿಗೆ ಹುರುಪು ಬಂತು.

'ಇದು ಇಂದು ನಿನ್ನಿದಲ್ರಿ. ಎಷ್ಟೋ ವರ್ಷದಿಂದ ಮಾಡ್ಕೋತ ಬಂದಾರ. ಹಿಂದ ನಿಂತ ಮಾಡ್ತಾರ. ಯಾರಿಗೂ ಗೊತ್ತಾಗಬಾರದು ಅಂತ ಅವರ ಇಚ್ಛಾ. ಇವತ್ತಿನ ಅವಾಂತರನೂ ಅವರದ. ಇಂಥಾ ಮನಷ್ಯಾ ಊರಿಗೊಬ್ಬರು ಬೇಕ್ರಿ.'

ಕನ್ನಡದ ಕಡೆಯ ನಗು ಈಗ ಬೆಂಚುಗಳನ್ನು ಅಲುಗಿಸುತ್ತಿತ್ತು. ಪ್ರಾಚಾರ್ಯರು ಮಾತ್ರ ನಗದೆ, ಕುರ್ಚಿಯಲ್ಲೇ ತಿರುಗಿ ಪರದೆಯ ಕಡೆ ನೋಡಿದರು. 'ಆ ಹೊಸೂರ ಸರ್ ಯಾರು? ಸ್ವಲ್ಪ ಮುಂದ ಬರ್ರಿ.'

ಎಷ್ಟು ವರ್ಷ ಈ ಕರೆಗಾಗಿ ಕಾದಿದ್ದೆ. ವೇದಿಕೆಯಿಂದ ನನ್ನ ಹೆಸರು, ಮೈಕಿನಲ್ಲಿ, ತುಂಬಿದ ಸಭೆಯಲ್ಲಿ. ಬಂದದ್ದು ಹೀಗೆ. ಅಲ್ಲಿ ನಿಂತೇ ಗಣಪತರಾಯರ ಮುಖ ನೋಡಿದೆ. ತಮಾಷೆ ಇರಬಹುದೇ, ಸೇಡು ಇರಬಹುದೇ ಎಂದು ಹುಡುಕಿದೆ. ಆ ಮುಖದಲ್ಲಿ ಕೃತಜ್ಞತೆ ಬಿಟ್ಟು ಬೇರೇನೂ ಇರಲಿಲ್ಲ. ಬೈಗುಳವನ್ನು ತಾವು ಇಟ್ಟುಕೊಂಡು ಹೆಸರನ್ನು ನನಗೆ ಕೊಡುತ್ತಿದ್ದರು ಅವರು. ಹಗ್ಗವನ್ನು ಮೊಳೆಗೆ ಕಟ್ಟಿ ಮುಂದೆ ಬಂದೆ.

ಪ್ರಾಚಾರ್ಯರು ನನ್ನನ್ನು ಗುರುತಿಸಿದರು. 'ಬೆಂಚ' ಎಂದರು, ಅಷ್ಟೇ.

ನಾನು ಮೈಕಿನ ಮುಂದೆ ಕೈ ಮುಗಿದೆ. ಊರವರಿಗೆಲ್ಲ ಭಾಷಣ ಬರೆದುಕೊಟ್ಟವನು, ಒಂದನ್ನೂ ಆಡಿದವನಲ್ಲ. 'ಹೌದ್ರಿ. ಇವತ್ತಿನ ಅವಾಂತರ ಎಲ್ಲಾ ನಂದ. ಗಾಡಿಗೆ ಹೇಳಿದಾವ ನಾನು. ಮನಿ ಗುರುತು ಹೇಳದ ಬಿಟ್ಟಾವ ನಾನು. ಬೆಂಚ ಹೊರಸಿದಾವ ನಾನು. ಗಣಪತರಾಯರಿಗೆ ಇದ್ಯಾವುದೂ ಗೊತ್ತ ಇರಲಿಲ್ಲ. ಅವರು ಕೇಳಿದ್ರು, ನಾ ಹೇಳಲಿಲ್ಲ.' ಎರಡೂ ಭಾಷೆಯ ಅರ್ಥಕ್ಕೆ ಒಮ್ಮೆಗೇ ಹೊಂದುವಂತೆ ಅವಾಂತರ ಶಬ್ದವನ್ನು ಬಳಸಿದವನು ಬಹುಶಃ ನಾನೊಬ್ಬನೇ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ನಗಲಿಲ್ಲ. ಗಣಪತರಾಯರು 'ಅಲ್ರಿ ಸರ್, ನಾ ನಿಮಗ ಚಲೋ ಹೇಳಿದ್ನಿ' ಎಂದು ಮೆಲ್ಲಗೆ ಅಂದದ್ದು ಮೈಕಿನಲ್ಲಿ ಹೋಯಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ದಸ್ತಗೀರಸಾಬರು ಕಾಣಿಸಿದರು. ಬಿಸಿಲಿಗೆ ಬೆಂದು, ಹಸಿದು, ಖಾಲಿ ಟ್ಯಾಕ್ಸಿ ತಂದಿದ್ದರು. ಸಭೆ ನಿಶ್ಶಬ್ದವಾಗಿರುವುದನ್ನು ನೋಡಿ ತಮಗಾಗಿಯೇ ಎಲ್ಲರೂ ಕಾಯುತ್ತಿದ್ದಾರೆ ಎಂದುಕೊಂಡರೋ ಏನೋ, ಅಲ್ಲಿಂದಲೇ ವರದಿ ಒಪ್ಪಿಸಿದರು.

'ಹೊಸೂರ ಸರ್, ಜೈಲ ಗೇಟಿನ ಮುಂದ ಇಷ್ಟೊತ್ತನಕಾ ನಿಂತಿದ್ನಿ. ಸಾಹೇಬರನ್ನ ಇನ್ನೂ ಬಿಟ್ಟಿಲ್ಲಂತ್ರಿ.'

ಪ್ರಾಚಾರ್ಯರು ಬಾಗಿಲ ಕಡೆ ತಿರುಗಿ ದಸ್ತಗೀರಸಾಬರನ್ನು ನೋಡಿದರು. ಆಮೇಲೆ ಕುರ್ಚಿಯ ಕೈ ಹಿಡಿದುಕೊಂಡು ನಗಲಾರಂಭಿಸಿದರು. ಕಣ್ಣೀರು ಒರೆಸಿಕೊಂಡು ಮತ್ತೆ ನಕ್ಕರು. ಈ ಸಲ ಸಭೆಯ ಎರಡೂ ಕಡೆಯವರು ಕೂಡಿ ನಕ್ಕರು, ನಿಪ್ಪಾಣಿಯ ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗು ಇಳಿದ ಮೇಲೆ ಪ್ರಾಚಾರ್ಯರು ಎದ್ದು ತಮ್ಮ ಕೊರಳಿನ ಹಾರ ತೆಗೆದು ಗಣಪತರಾಯರ ಕೊರಳಿಗೆ ಹಾಕಿದರು. 'ನಾ ಅಂದದ್ದು ತಪ್ಪಾತು. ಮನಸಿನಾಗ ಇಟ್ಕೋಬ್ಯಾಡ್ರಿ.' ನನಗೆ ಹಾರ ಇರಲಿಲ್ಲ. ಸಭೆ ಮುಗಿದ ಮೇಲೆ ಬೆಂಚುಗಳನ್ನು ಶಾಲೆಗೆ ಒಯ್ಯಬೇಕಿತ್ತು. ಆ ಸಲ ಎರಡೂ ತುದಿಗೆ ಕೈ ಹಾಕಲು ಜನ ತಾವಾಗಿಯೇ ಬಂದರು, ಅಷ್ಟು ಹೊತ್ತಿಗೆ ನನ್ನ ಹೆಸರು ಎಲ್ಲರಿಗೂ ಗೊತ್ತಾಗಿತ್ತಲ್ಲ.

ಮುಂದಿನ ಆಯ್ಕೆಯ ಸಭೆ ಬಂತು. ನನ್ನನ್ನು ಯಾರೂ ಕೇಳಲಾರರು ಎಂದುಕೊಂಡು ಒಂದು ಮೂಲೆಯಲ್ಲಿ ಕೂತಿದ್ದೆ. ಗಣಪತರಾಯರು ಪ್ರತಿ ವರ್ಷದಂತೆ ತಿರುಗಿದರು. 'ಹೊಸೂರ ಸರ್, ಈ ಸಲ ನೀವ ಆಗ್ರಿ.'

ನನ್ನ ಎರಡೂ ಕೈ ಎಷ್ಟೋ ವರ್ಷದ ರೂಢಿಯಿಂದ ಮೇಲೆದ್ದವು. ಇಡೀ ಸಭೆ ಆ ಕೈಗಳನ್ನು ನೋಡಿತು. ಗಣಪತರಾಯರು ಥಾನು ಸುತ್ತಿಡಲು ತಯಾರಾಗಿದ್ದರು. ಹೊಣೆಯ ರುಚಿ ಈಗ ನನಗೆ ಗೊತ್ತಿತ್ತು, ಅದು ಬರೀ ಹೋಳಿಗೆಯಲ್ಲ. ಅದಕ್ಕೇ ಈ ಸಲ ಹೆದರಿಕೆಯಾಯಿತು, ಹೆದರಿಕೆಯ ಜೊತೆಗೇ ನಿಜವಾಗಿ ಬೇಕೆನಿಸಿತು. ಕೈಗಳನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡೆ.

'ಬಡಸ್ರಿ' ಅಂದೆ.

ಯಾರಿಗೂ ತಿಳಿಯಲಿಲ್ಲ. ಗಣಪತರಾಯರಿಗೆ ತಿಳಿಯಿತು. 'ಭಾಳ ಹೊತ್ತ ಮಾಡಿ ಹೇಳಿದ್ರಿ' ಎಂದು ನಕ್ಕು ನನ್ನ ಹೆಸರು ಸೂಚಿಸಿದರು. ಹೊರಗೆ ಬಂದ ಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, 'ಇನ್ನ ನೀವು ಮುಂದ ನಿಂದರ್ರಿ ಸರ್. ಅವಾಂತರ ನಾ ನೋಡ್ಕೋತೀನಿ' ಅಂದರು. ನಾನು ಕನ್ನಡ ಮಾಸ್ತರ, ಕಂಡವರ ತಪ್ಪನ್ನು ತಿದ್ದುವುದೇ ನನ್ನ ಅನ್ನ. ಆ ಶಬ್ದವನ್ನು ತಿದ್ದಲಿಲ್ಲ.

ಆ ವರ್ಷದ ಸ್ಮರಣ ಸಂಚಿಕೆಯ ಕೊನೆಯ ಪುಟವನ್ನು ನನ್ನ ಸಹಿಯಲ್ಲಿ ನಾನೇ ಬರೆದೆ. ಎಲ್ಲರ ಹೆಸರೂ ಬರೆದಾದ ಮೇಲೆ ಕೈ ತಾನಾಗಿ 'ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ' ಎಂದು ಬರೆಯಿತು. ಬರೆದು ನಿಂತೆ. ವರ್ಷವಿಡೀ ಮೈಕು, ಬೆಂಚು, ಗಾಡಿ ಎಂದು ಓಡಾಡಿದ ಗಣಪತರಾಯರನ್ನು ನಾನು ಆ ಗಾಳಿ ಬೆಳಕಿಲ್ಲದ ಶಬ್ದದೊಳಗೆ ತಳ್ಳಿ ಬಾಗಿಲು ಹಾಕಿದ್ದೆ. ಕಾರ್ಯದರ್ಶಿಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಆಗಲೇ. ಆ ಸಾಲನ್ನು ಹೊಡೆದುಹಾಕಿ ಬೇರೆ ಬರೆದು ಬೆಳಗಾವಿಯ ಮುದ್ರಣಾಲಯಕ್ಕೆ ಕೊಟ್ಟೆ.

ಕರಡು ತಿದ್ದುವ ದಿನ ಮುದ್ರಣಾಲಯದವರು ನನ್ನನ್ನು ಬದಿಗೆ ಕರೆದರು. 'ಸರ್, ಕಡೀ ಸಾಲಿನಾಗ ಅವಾಂತರ: ಶ್ರೀ ಗಣಪತರಾವ ಅಂತ ಬಿದ್ದೈತಿ. ಮಂದಿ ನಗತಾರ. ತೆಗೆಯೂಣೇನ್ರಿ?'

'ಬ್ಯಾಡ್ರಿ' ಅಂದೆ. ಈ ಸಲ ಬ್ಯಾಡ ಅಂದದ್ದು ಖರೇನೇ ಬ್ಯಾಡ. 'ಹಂಗ ಇರಲಿ. ಯಾರರೆ ಕೇಳಿದ್ರ ನನ್ನ ಹೆಸರು ಹೇಳ್ರಿ.'